ಮೊದಲು ಡೇರಿ, ಮದುವೆ ಮನೆ ಆಮೇಲೆ

ಹಾಸನ ಜಿಲ್ಲೆಯಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಆಗಿ, ಅಂದರೆ ಮಾನಸಿಕ ಕಾಯಿಲೆ ಇರುವವರು ಮತ್ತು ಅವರ ಮನೆಯವರ ಜೊತೆ, ಕೆಲಸ ಮಾಡುತ್ತೇನೆ. ಮಾತ್ರೆ ಬರೆಯುವುದು ಡಾಕ್ಟರ ಕೆಲಸ. ಮಾತ್ರೆ ತಗೊಂಡು ಮನೆಗೆ ಹೋದವರ ದಿನ ಹೇಗೆ ಕಳೆಯುತ್ತದೆ ಅನ್ನೋದನ್ನು ನೋಡುವುದು ನನ್ನ ಕೆಲಸ. ಕಿವಿಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳುವವರು, ಊರೆಲ್ಲ ತನ್ನ ವಿಷಯವನ್ನೇ ಆಡಿಕೊಳ್ಳುತ್ತಿದೆ ಅಂತ ನಂಬಿದವರು. ಇಂಥವರ ಮನೆಗೆ ಹೋದರೆ ಮೊದಲು ಕೇಳಿಸುವ ಮಾತು, "ಯಾರ್ ಜೊತೇನೂ ಸೇರಲ್ಲ ಮೇಡಂ, ರೂಮಿಂದ ಆಚೆನೇ ಬರಲ್ಲ."

ಅದರ ಹಿಂದೆಯೇ ಇನ್ನೊಂದು ಬರುತ್ತದೆ. "ಜನರ ಜೊತೆ ಬೆರೆತ್ರೆ ಸರಿ ಹೋಗ್ತಾನೆ ಅಂತ ಮದುವೆಗೆ ಕರ್ಕೊಂಡು ಹೋಗಿದ್ವಿ. ಅರ್ಧ ಊಟಕ್ಕೇ ಎದ್ದು ಬಂದ್ಬಿಟ್ಟ." ಏಳದೆ ಏನು ಮಾಡುತ್ತಾನೆ? ವಾಲಗ, ಮೈಕು, ನೂರಾರು ಜನ. ಅದರಲ್ಲಿ ಅರ್ಧ ಜನ "ಏನಪ್ಪಾ, ಈಗ ಹೆಂಗಿದೀಯ? ಕೆಲಸಕ್ಕೆ ಹೋಗ್ತಿದೀಯ?" ಅಂತ ವಿಚಾರಿಸುವವರು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನೋ ಅನುಮಾನದವನನ್ನು ಅಲ್ಲಿ ನಿಜವಾಗಿಯೂ ಎಲ್ಲರೂ ನೋಡುತ್ತಿರುತ್ತಾರೆ.

ಹಾಗಂತ ಒಬ್ಬನೇ ಬಿಟ್ಟರೂ ಆಗುವುದಿಲ್ಲ. ಸುತ್ತ ಸದ್ದಿಲ್ಲದಿದ್ದರೆ ಒಳಗಿನ ಧ್ವನಿ ಜೋರಾಗುತ್ತದೆ ಅಂತ ಅನೇಕರು ಹೇಳುತ್ತಾರೆ. ಗೊತ್ತಿರುವವರ ಜೊತೆ ಇದ್ದಾಗ ಅನುಮಾನ ಇಳಿಯುತ್ತದೆ, ಗೊತ್ತಿಲ್ಲದವರ ನಡುವೆ ಏರುತ್ತದೆ. ಅದಕ್ಕೇ ನಾನು ಎಷ್ಟು ಜನ ಅಂತ ಲೆಕ್ಕ ಹಾಕುವುದಿಲ್ಲ. ಯಾರು, ಎಷ್ಟು ಹೊತ್ತು, ಕೈಗೆ ಏನು ಕೆಲಸ ಅಂತ ನೋಡುತ್ತೇನೆ.

ಬೇಲೂರು ಕಡೆಯ ಒಂದು ಹಳ್ಳಿಯ ಹುಡುಗನ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಅವನಿಗೆ ಸ್ಕಿಜೋಫ್ರೇನಿಯಾ, ಅಂದರೆ ಮೊದಲು ಹೇಳಿದ ಹಾಗೆ ಇಲ್ಲದ ಧ್ವನಿ ಕೇಳಿಸುವ, ಅನುಮಾನ ಕಾಡುವ ಕಾಯಿಲೆ. ತಿಂಗಳಿಗೊಮ್ಮೆ ಇಂಜೆಕ್ಷನ್ ನಡೆಯುತ್ತಿತ್ತು, ಧ್ವನಿಗಳೂ ಸುಮಾರಾಗಿ ತಗ್ಗಿದ್ದವು. ಆದರೂ ದಿನವಿಡೀ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದ. ಮನೆಯಲ್ಲಿ ಎರಡು ಹಸು, ಡೇರಿಗೆ ಹಾಲು ಹಾಕಲು ಅಪ್ಪ ಹೋಗುತ್ತಿದ್ದರು. ಬೆಳಗಿನ ಹಾಲನ್ನು ಮಗ ಹಾಕಿ ಬರಲಿ ಅಂದೆ.

ಡೇರಿ ಯಾಕೆ ಅಂದರೆ, ಅಲ್ಲಿ ದಿನಾ ಅದೇ ಮುಖಗಳು. ಕೈಯಲ್ಲಿ ಕ್ಯಾನು ಇರುವುದರಿಂದ ಯಾಕೆ ಬಂದೆ ಅಂತ ಯಾರೂ ಕೇಳುವುದಿಲ್ಲ. ಸಾಲಿನಲ್ಲಿ ನಿಲ್ಲಬೇಕು, ಸ್ಯಾಂಪಲ್ ಕೊಡಬೇಕು, ತೂಕ ಆಗಬೇಕು, ಫ್ಯಾಟ್ ಎಷ್ಟು ಅಂತ ಚೀಟಿ ಇಸ್ಕೊಂಡು ಬರಬೇಕು. ಮಾತಾಡಿದರೆ ಆಯಿತು, ಆಡದಿದ್ದರೂ ಯಾರಿಗೂ ಬೇಜಾರಿಲ್ಲ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಮತ್ತೆ ನಾಳೆಯೂ ಇದೆ.

ಅವನ ಒಪ್ಪಿಗೆ ಪಡೆದು ಡೇರಿಯ ಕಾರ್ಯದರ್ಶಿ ಹತ್ತಿರ ಮಾತಾಡಿದೆ. ಕಾಯಿಲೆ ವಿಷಯ ಎತ್ತಬೇಡಿ, ಹಸು ವಿಷಯ ಎಷ್ಟು ಬೇಕಾದರೂ ಮಾತಾಡಿ ಅಂದೆ. ಶುರುವಿನಲ್ಲಿ ಅಪ್ಪ ಜೊತೆಗೆ ನಡೆದು ಅರಳಿಕಟ್ಟೆ ಹತ್ತಿರ ನಿಂತುಬಿಡುತ್ತಿದ್ದರು. ಸಾಲಿನಲ್ಲಿ ನಿಂತಾಗ ಅವನಿಗೆ ಒಂದೊಂದು ಸಲ ಬೈಗುಳ ಕೇಳಿಸುತ್ತಿತ್ತು. ಬಾಯಲ್ಲೇ ಮೆಲ್ಲಗೆ ಏನಾದರೂ ಓದಿಕೊಂಡರೆ, ಗುನುಗಿಕೊಂಡರೆ ಧ್ವನಿ ತಗ್ಗುವುದು ಹಲವರ ಅನುಭವ. ಇವನು ಹಿಂದಿನ ದಿನದ ಚೀಟಿ ಜೇಬಿನಲ್ಲಿ ಇಟ್ಟುಕೊಂಡು, ಲೀಟರು, ಫ್ಯಾಟು, ದುಡ್ಡು ಅಂತ ಮೇಲಿಂದ ಕೆಳಗೆ ಓದಿಕೊಳ್ಳುತ್ತಿದ್ದ. ಪಕ್ಕದವರು ಲೆಕ್ಕ ನೋಡ್ತಿದಾನೆ ಅಂದುಕೊಂಡರು. ನಾನು ಹೇಳಿಕೊಟ್ಟಿದ್ದು ಹಾಡು ಗುನುಗುವುದನ್ನು. ಚೀಟಿ ಅವನದೇ ಐಡಿಯಾ, ನನ್ನದಕ್ಕಿಂತ ಚೆನ್ನಾಗಿದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. "ನಾಳೆ ಹೋಗ್ತೀಯಾ?" ಅಂತ ಹಿಂದಿನ ರಾತ್ರಿ ಕೇಳಿದರೆ "ಬೇಡ" ಅನ್ನುತ್ತಿದ್ದ. ಹೋಗಿ ಬಂದ ಮೇಲೆ "ಹೆಂಗಿತ್ತು?" ಅಂದರೆ "ಪರವಾಗಿಲ್ಲ" ಅನ್ನುತ್ತಿದ್ದ. ಈ ಕಾಯಿಲೆಯಲ್ಲಿ ಮುಂದೆ ಖುಷಿ ಸಿಗುತ್ತದೆ ಅಂತ ಊಹಿಸುವ ಶಕ್ತಿ ಮಂಕಾಗಿರುತ್ತದೆ. ಆ ಹೊತ್ತಿನಲ್ಲಿ ಸಿಗುವ ಖುಷಿ ಅಷ್ಟು ಮಂಕಾಗಿರುವುದಿಲ್ಲ. ಆದ್ದರಿಂದ ರಾತ್ರಿ ಕೇಳುವುದನ್ನು ನಿಲ್ಲಿಸಿ ಅಂದೆ. ಬೆಳಿಗ್ಗೆ "ಹಾಲು ಕರೆದಾಯ್ತು, ಕ್ಯಾನು ಇಲ್ಲಿದೆ" ಅಂದರೆ ಸಾಕು. ಆಗಲೂ ಬೇಡ ಅಂದರೆ ಆ ದಿನಕ್ಕೆ ಬಿಟ್ಟುಬಿಡಬೇಕು, ಎಳೆದಾಡಬಾರದು.

ಕೆಲವು ಸಲ ಮನಸ್ಸಿಗಿಂತ ಮೈ ಅಡ್ಡ ಬರುತ್ತದೆ. ಔಷಧಿಯಿಂದ ಕೈ ನಡುಗುತ್ತದೆ, ಮುಖ ಬಿಗಿಯುತ್ತದೆ, ಜೊಲ್ಲು ಸುರಿಯುತ್ತದೆ. ನಾಲ್ಕು ಜನರ ಮುಂದೆ ಹೋಗಲು ನಾಚಿಕೆ ಆಗಲ್ವಾ? ಮನೆಯವರು ಇದನ್ನು ಸೋಮಾರಿತನ ಅಂದುಕೊಳ್ಳುತ್ತಾರೆ. ಮಾತ್ರೆ ತಾವೇ ನಿಲ್ಲಿಸಬಾರದು. ಮಂಗಳವಾರ ಮನೋಚೈತನ್ಯ ಕ್ಲಿನಿಕ್ಕಿಗೆ ತಾಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರ ಹತ್ತಿರ ಹೇಳಿದರೆ ಡೋಸು ಬದಲಿಸುತ್ತಾರೆ, ಇಲ್ಲ ನಡುಕಕ್ಕೆ ಬೇರೆ ಮಾತ್ರೆ ಸೇರಿಸುತ್ತಾರೆ.

ಮದುವೆ ಮಾಡಿದರೆ ಸರಿಹೋಗ್ತಾನೆ ಅನ್ನುವವರಿಗೆ ನನ್ನ ಹತ್ತಿರ ಒಂದೇ ಪ್ರಶ್ನೆ: ಹುಡುಗಿ ಮನೆಯವರಿಗೆ ಹೇಳಿದ್ದೀರಾ? ಅಲ್ಲಿಗೆ ಮಾತು ನಿಲ್ಲುತ್ತದೆ.

ಸಕಲೇಶಪುರದ ಕಡೆ ಕತೆ ಬೇರೆ. ತೋಟದ ನಡುವೆ ಒಂಟಿ ಮನೆ, ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಡೇರಿಗೆ ಹೋಗು ಅನ್ನೋಕೆ ಡೇರಿಯೇ ದೂರ. ಅಲ್ಲಿ ಒಬ್ಬ ಹೆಂಗಸನ್ನು ಲೈನ್ ಮನೆಯವರ, ಅಂದರೆ ತೋಟದ ಕೂಲಿಯವರ ಜೊತೆ ಮೆಣಸು ಬಿಡಿಸಲು ಕೂರಿಸಿದೆವು. ಎದುರಾಬದುರು ಕೂತರೆ ಆಕೆಗೆ ಆಗುತ್ತಿರಲಿಲ್ಲ, ಪಕ್ಕಪಕ್ಕ ಕೂತರೆ ತಾಸುಗಟ್ಟಲೆ ಇರುತ್ತಿದ್ದಳು. ಮಳೆ ಹಿಡಿದಾಗ ಆಶಾ ಕಾರ್ಯಕರ್ತೆ ಆಗಾಗ ಹೋಗಿ ಬರುತ್ತಾರೆ. ಸಿಗ್ನಲ್ ಇರುವ ಕಡೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಗೋಡೆಗೆ ಬರೆಸುತ್ತೇನೆ. 2022ರಲ್ಲಿ ಶುರುವಾದದ್ದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಮನೆಯವರು. ಲಂಡನ್ನಿನಲ್ಲಿ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1972ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಅಂಕಿ ನಾನು ಸದಾ ತಲೆಯಲ್ಲಿ ಇಟ್ಟುಕೊಂಡಿರುತ್ತೇನೆ. ಮಾತುಮಾತಿಗೆ ತಪ್ಪು ಹಿಡಿಯುವ, ಇಲ್ಲವೇ ಅತಿಯಾಗಿ ಕಾಳಜಿ ಮಾಡಿ ಎಲ್ಲದರಲ್ಲೂ ತಲೆ ಹಾಕುವ ಮನೆಯವರ ಜೊತೆ ವಾರಕ್ಕೆ 35 ಗಂಟೆಗಿಂತ ಜಾಸ್ತಿ ಮುಖಾಮುಖಿ ಇದ್ದವರಲ್ಲಿ ಕಾಯಿಲೆ ಮರುಕಳಿಸಿದ್ದು ಹೆಚ್ಚು. ನಮ್ಮಲ್ಲಿ ವಾರಕ್ಕೆ 35 ಗಂಟೆ ಅನ್ನೋದು ಎರಡು ಮೂರು ದಿನದಲ್ಲೇ ಮುಗಿದುಹೋಗುತ್ತದೆ. ಒಂದೇ ಅಡುಗೆಮನೆ, ಒಂದೇ ಪಡಸಾಲೆ. "ಎದ್ದೇಳೋ, ಎಷ್ಟೊತ್ತು ಬಿದ್ಕೊಂಡಿರ್ತೀಯ" ಅನ್ನೋದು ಅಮ್ಮನ ಬಾಯಲ್ಲಿ ಸುಮ್ನೆ ಬಂದುಬಿಡುತ್ತದೆ. ಅವರಿಗೂ ಸಾಕಾಗಿರುತ್ತದೆ.

ಹಾಗಾಗಿ ಬೇಲೂರಿನ ಆ ಮನೆಯಲ್ಲಿ ಮಗನ ಜೊತೆಗೆ ಅಮ್ಮನನ್ನೂ ಹೊರಗೆ ಕಳಿಸಿದೆವು. ಮಗನಿಗೆ ಹುಷಾರಿಲ್ಲದಾದಾಗಿನಿಂದ ಅವರು ಸ್ವಸಹಾಯ ಸಂಘದ ಮೀಟಿಂಗಿಗೆ ಹೋಗಿರಲಿಲ್ಲ, ಯಾರಾದರೂ ಏನಾದರೂ ಅಂದಾರು ಅಂತ. ಈಗ ವಾರಕ್ಕೊಮ್ಮೆ ಹೋಗುತ್ತಾರೆ. ಆ ಹೊತ್ತಿನಲ್ಲಿ ಮಗ ಹಸುಗಳಿಗೆ ಹಿಂಡಿ ಕಲಸಿ ಇಡುತ್ತಾನೆ. ಮುಂದಿನ ತಿಂಗಳಿಂದ ಸಂಜೆ ಹಾಲನ್ನೂ ಅವನೇ ಹಾಕಲಿ ಅಂತ ಅಪ್ಪನ ಆಸೆ. ನಾನು ಸ್ವಲ್ಪ ತಡೀರಿ ಅಂದಿದ್ದೇನೆ. ಸಂಜೆ ಸಾಲು ಉದ್ದ, ಗಲಾಟೆಯೂ ಜಾಸ್ತಿ.