ರಾತ್ರಿ ಒಂಬತ್ತರ ನಂತರ ಕಾಣುವ ನಕ್ಷತ್ರ: ಮೆಲ್ಬರ್ನ್‌ನ ಬೇಸಿಗೆಯಲ್ಲಿ ನನ್ನ ಕ್ರಿಸ್‌ಮಸ್

ನಾನು ಮೆಲ್ಬರ್ನ್‌ಗೆ ಬಂದ ವರ್ಷ, ಅಂದರೆ 2018ರ ಡಿಸೆಂಬರಿನಲ್ಲಿ, ಸಹೋದ್ಯೋಗಿಗಳೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ: ಬೇಸಿಗೆಯ ಕ್ರಿಸ್‌ಮಸ್ ನಿಮಗೆ ವಿಚಿತ್ರವೆನಿಸುವುದಿಲ್ಲವೇ? ಮಂಗಳೂರಿನಲ್ಲಿ ಹುಟ್ಟಿ ಬೆಳೆದ ನನಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸುತ್ತಿತ್ತು. ನಮ್ಮಲ್ಲಿ ಡಿಸೆಂಬರಿನ ಮಧ್ಯಾಹ್ನ ಉಷ್ಣಾಂಶ 30 ಡಿಗ್ರಿ ದಾಟುವುದು ಸಾಮಾನ್ಯ. ಹತ್ತಿಯನ್ನು ಹಿಂಜಿ ಮರಕ್ಕೆ ಅಂಟಿಸಿ ಅದನ್ನೇ ಹಿಮವೆಂದು ಒಪ್ಪಿಕೊಂಡು ಬೆಳೆದವರು ನಾವು.

ನನ್ನನ್ನು ಕಾಡಿದ್ದು ಸೆಕೆಯಲ್ಲ, ಬೆಳಕು. ಮಂಗಳೂರಿನಲ್ಲಿ ಆ ದಿನಗಳಲ್ಲಿ ಸಂಜೆ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಅರ್ಧ ಗಂಟೆಯಲ್ಲಿ ಬೀದಿಯ ಮನೆಮನೆಯ ಮುಂದೆ ನಕ್ಷತ್ರದ ಗೂಡುದೀಪಗಳು ಹೊತ್ತಿಕೊಳ್ಳುತ್ತವೆ. ಮೆಲ್ಬರ್ನ್‌ನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಸೂರ್ಯ ಮುಳುಗುವುದು ರಾತ್ರಿ ಎಂಟೂ ಮುಕ್ಕಾಲರ ಸುಮಾರಿಗೆ. ಊರಿನಿಂದ ಮಡಚಿ ತಂದಿದ್ದ ಕಾಗದದ ನಕ್ಷತ್ರವನ್ನು ಬಾಲ್ಕನಿಯಲ್ಲಿ ತೂಗುಹಾಕಿ ಅಭ್ಯಾಸಬಲದಿಂದ ಆರು ಗಂಟೆಗೆ ಸ್ವಿಚ್ ಹಾಕಿದರೆ, ಒಳಗಿನ ಬಲ್ಬು ಉರಿಯುತ್ತಿದೆಯೋ ಇಲ್ಲವೋ ಎಂದು ಕೈ ಅಡ್ಡ ಹಿಡಿದು ನೋಡಬೇಕಾಯಿತು.

ಆ ವರ್ಷ ನಾನು ಮಾಡಿದ್ದು ಶುದ್ಧ ಮೂರ್ಖತನ. ನಕ್ಷತ್ರವನ್ನು ಒಳಗೆ ತಂದು, ಕಿಟಕಿಗಳಿಗೆಲ್ಲ ಪರದೆ ಎಳೆದು, ಆರೂವರೆಗೇ ರಾತ್ರಿಯನ್ನು ಸೃಷ್ಟಿಸಿಕೊಂಡು, ಅಂಗಡಿಯ ಕೇಕನ್ನು ಮುಂದಿಟ್ಟುಕೊಂಡು ಒಬ್ಬಳೇ ಕುಳಿತೆ. ಪರದೆಯ ಸಂದಿನಿಂದ ಬಿಸಿಲಿನ ಗೆರೆಯೊಂದು ಯೇಸುವಿನ ಜನನದ ಬೊಂಬೆಗಳನ್ನಿಟ್ಟ ಗೋದಲಿಯ ಮೇಲೆಯೇ ಬಿದ್ದಿತ್ತು. ಆಗ ಮಂಗಳೂರಿನಲ್ಲಿ ಮಧ್ಯಾಹ್ನ ಒಂದು ಗಂಟೆ. ಫೋನು ಎತ್ತಿದ ಮಮ್ಮಿಗೆ ಅಡುಗೆಮನೆಯ ಗಡಿಬಿಡಿ, ನನ್ನ ಅಳು ಕೇಳುವ ಪುರುಸೊತ್ತು ಇರಲಿಲ್ಲ. ಆ ಹಬ್ಬದಲ್ಲಿ ನನಗೆ ಸಮಾಧಾನ ಕೊಟ್ಟದ್ದು ಡಿಸೆಂಬರ್ 26ರಂದು ಇಲ್ಲಿನ ಕ್ರಿಕೆಟ್ ಮೈದಾನ ಎಂಸಿಜಿಯಲ್ಲಿ ಆರಂಭವಾದ ಭಾರತ-ಆಸ್ಟ್ರೇಲಿಯಾ ಬಾಕ್ಸಿಂಗ್ ಡೇ ಟೆಸ್ಟ್. ನಮ್ಮ ಮಂಗಳೂರಿನ ಹುಡುಗ ಕೆ.ಎಲ್. ರಾಹುಲ್ ಆ ಪಂದ್ಯದ ತಂಡದಲ್ಲಿ ಇರಲಿಲ್ಲವೆಂಬ ಬೇಸರವಿದ್ದರೂ, ಅಂದೇ ಪದಾರ್ಪಣೆ ಮಾಡಿದ ಮಯಾಂಕ್ ಅಗರ್ವಾಲ್ 76 ರನ್ ಹೊಡೆದಾಗ ಹಿಂದಿನ ಸಾಲಿನಿಂದ ಯಾರೋ “ಸಖತ್ ಗುರೂ” ಎಂದು ಕೂಗಿದರು. ತಿರುಗಿ ನೋಡಿ ನಕ್ಕೆ. ಹಾಗೆ ಪರಿಚಯವಾದ ಉಡುಪಿಯ ದಂಪತಿಯೇ ಮುಂದಿನ ವರ್ಷದ ನನ್ನ ಅತಿಥಿಗಳು.

2019ರಲ್ಲಿ ಈ ಊರಿನ ಬೇಸಿಗೆಯೊಡನೆ ಜಗಳವಾಡದೆ ಕೆಲಸ ಮಾಡಬೇಕೆಂದು ನಿಶ್ಚಯಿಸಿದೆ. ಮೊದಲು ಗೋದಲಿ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಹತ್ತು ಹನ್ನೆರಡು ದಿನವಿರುವಾಗ ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿ ರಾಗಿ ಬಿತ್ತುತ್ತಾರೆ. ಆ ಎಳೆಯ ಪೈರೇ ಗೋದಲಿಯ ಸುತ್ತಲಿನ ಹುಲ್ಲುಗಾವಲು. ಭಾರತೀಯ ದಿನಸಿ ಅಂಗಡಿಯಲ್ಲಿ ಇಡೀ ರಾಗಿ ಸಿಕ್ಕಿತು, ರಾತ್ರಿಯೆಲ್ಲ ನೆನೆಸಿ ಅಲ್ಯೂಮಿನಿಯಂ ತಟ್ಟೆಗಳಲ್ಲಿ ಬಿತ್ತಿ ಬಾಲ್ಕನಿಯಲ್ಲಿಟ್ಟೆ. ಕರಾವಳಿಯ ತೇವದಲ್ಲಿ ಮರೆತುಬಿಟ್ಟರೂ ಮೊಳೆಯುವ ರಾಗಿ, ಉತ್ತರದ ಒಳನಾಡಿನಿಂದ ಬೀಸುವ ಇಲ್ಲಿನ ಒಣಗಾಳಿಗೆ ಒಂದೇ ಮಧ್ಯಾಹ್ನದಲ್ಲಿ ಹುರಿದ ಕಾಳಿನಂತಾಯಿತು. ಎರಡನೆಯ ಸಲ ತಟ್ಟೆಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ ಬಚ್ಚಲುಮನೆಯಲ್ಲಿಟ್ಟೆ. ನಾಲ್ಕನೆಯ ದಿನ ಬಿಳಿಯ ಮೊಳಕೆ ಕಂಡ ಮೇಲೆ ಬಟ್ಟೆ ತೆಗೆದು ಕಿಟಕಿಯ ಬೆಳಕಿಗೆ ಸರಿಸಿದೆ.

ಆಮೇಲೆ ಕುಸ್ವಾರ್, ಅಂದರೆ ನಮ್ಮ ಕ್ರಿಸ್‌ಮಸ್ ತಿಂಡಿಗಳು. ಡಿಸೆಂಬರ್ 20ಕ್ಕೆ ರಜೆ ಹಾಕಿದ್ದೆ. ಅಂದೇ ಮೆಲ್ಬರ್ನ್‌ನಲ್ಲಿ ಉಷ್ಣಾಂಶ 43 ಡಿಗ್ರಿ ದಾಟಿತು. ಹಗಲು ಎಣ್ಣೆಯ ಬಾಣಲೆಯ ಮುಂದೆ ನಿಲ್ಲುವ ಮಾತೇ ಇರಲಿಲ್ಲವಾದ್ದರಿಂದ ಕಿಡಿಯೊ ಎಂಬ ಕರಿದ ಸುರುಳಿ ತಿಂಡಿಯ ಹಿಟ್ಟನ್ನು ಮಾತ್ರ ಕಲಸಿಟ್ಟೆ. ಗೋಲಿ ಗಾತ್ರದ ಹಿಟ್ಟನ್ನು ಹೊಸ ಬಾಚಣಿಗೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಸುರುಳಿ ಸುತ್ತುವಾಗ, ಎರಡು ಸುರುಳಿಯಾಗುವುದರೊಳಗೆ ಉಳಿದ ಹಿಟ್ಟಿನ ಮೇಲೆ ಸಿಪ್ಪೆ ಕಟ್ಟುತ್ತಿತ್ತು. ಅದಕ್ಕೂ ಒದ್ದೆ ಬಟ್ಟೆಯೇ ಮದ್ದಾಯಿತು. ಇನ್ನೊಂದು ದಿನ ಹಗಲಿನಲ್ಲಿ ಕರಿಯಲು ಹೋಗಿ ಹೊಗೆಯ ಅಲಾರಂ ಕಿರುಚಿ ಇಡೀ ಮಹಡಿ ಹೊರಗೆ ಬಂದದ್ದೂ ಉಂಟು. ಅಲ್ಲಿಂದ ಮುಂದೆ, ದಕ್ಷಿಣದ ತಂಪು ಗಾಳಿ ತಿರುಗಿದ ರಾತ್ರಿಗಳಲ್ಲಿ ಕಿಟಕಿಗಳನ್ನೆಲ್ಲ ತೆರೆದಿಟ್ಟು ಹತ್ತರ ನಂತರವೇ ಕರಿದೆ. ಆದರೆ ಒಣಹವೆಯಿಂದ ಲಾಭವೂ ಆಯಿತು: ಮಂಗಳೂರಿನಲ್ಲಿ ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲವಾದರೂ ಮೆತ್ತಗಾಗುವ ಗುಲಾಬಿ ಹೂವಿನ ತಿಂಡಿ ಇಲ್ಲಿ ಮೂರು ವಾರ ಕಳೆದರೂ ಕಟಕಟ ಎನ್ನುತ್ತಿತ್ತು. ಕೊಂಕಣಿಯಲ್ಲಿ ಕಿಡಿಯೊ ಎಂದರೆ ಹುಳುಗಳು ಎಂಬುದನ್ನು ಸಹೋದ್ಯೋಗಿಗಳಿಗೆ ಮೊದಲೇ ಹೇಳಿದ್ದು ಮಾತ್ರ ತಪ್ಪಾಯಿತು.

ಕತ್ತಲೆಯ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಈ ಊರೇ. ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ ಸಿಡ್ನಿ ಮಯರ್ ಮ್ಯೂಸಿಕ್ ಬೌಲ್ ಎಂಬ ಬಯಲು ರಂಗಮಂದಿರದಲ್ಲಿ ಮೇಣದ ಬತ್ತಿ ಹಿಡಿದು ಕ್ಯಾರಲ್ ಹಾಡುತ್ತಾರೆ. ಈ ಪದ್ಧತಿ ನಗರದಲ್ಲಿ ಆರಂಭವಾದದ್ದು 1938ರಲ್ಲಿ. ಟಿವಿಯಲ್ಲಿ ನೋಡುತ್ತ ಕುಳಿತಾಗ ಗಮನಿಸಿದೆ: ಮೊದಲ ಹಾಡುಗಳ ಹೊತ್ತಿಗೆ ಆಕಾಶದಲ್ಲಿ ಇನ್ನೂ ಬೆಳಕಿತ್ತು, ಜನ ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡು, ಚೆರ್ರಿ ಹಣ್ಣು ತಿನ್ನುತ್ತ, ಯಾವ ಅವಸರವೂ ಇಲ್ಲದೆ ಕತ್ತಲೆಗಾಗಿ ಕಾಯುತ್ತಿದ್ದರು. ನಾನೂ ಕಾದೆ. ಒಂಬತ್ತೂಕಾಲಿಗೆ ಬಾಲ್ಕನಿಯ ನಕ್ಷತ್ರ ಹೊತ್ತಿಸಿದಾಗ ಅದರ ಕೆಂಪು ಎದುರುಮನೆಯ ಗೋಡೆಯ ಮೇಲೆ ಬಿತ್ತು.

ನಡುರಾತ್ರಿಯ ಬಲಿಪೂಜೆಗೆ ಸೇಂಟ್ ಪ್ಯಾಟ್ರಿಕ್ಸ್ ಕೆಥೆಡ್ರಲಿಗೆ ಹೋದೆ. ಕಪ್ಪುಗಲ್ಲಿನ ದಪ್ಪ ಗೋಡೆಗಳ ಒಳಗೆ ಹಗಲಿನ ಧಗೆ ಇರಲಿಲ್ಲ. ಇಲ್ಲಿ ಹನ್ನೆರಡಾದಾಗ ಊರಿನಲ್ಲಿ ಸಂಜೆ ಆರೂವರೆ. ನಮ್ಮ ಚರ್ಚಿನಲ್ಲಿ ಈಗ ನಡುರಾತ್ರಿಯವರೆಗೆ ಕಾಯದೆ ಸಂಜೆಯೇ ಬಲಿಪೂಜೆ ನಡೆಯುವುದರಿಂದ, ನಾನು ಮುಗಿಸಿ ಹೊರಬರುವ ಹೊತ್ತಿಗೆ ಮಮ್ಮಿ ಸೀರೆಯುಟ್ಟು ಹೊರಡಲು ನಿಂತಿದ್ದರು. ಹಿಂದಿನ ವರ್ಷದಂತೆ ಅವರ ಅಡುಗೆಯ ಹೊತ್ತಿನಲ್ಲಿ ಕರೆಯದೆ ಈ ಹೊತ್ತನ್ನು ಆರಿಸಿಕೊಂಡದ್ದು ಸಾರ್ಥಕವಾಯಿತು. “ಪುತಾ, ಅಲ್ಲಿ ಕತ್ತಲೆಯಾಯಿತಾ?” ಎಂದು ಕೇಳಿ, ಫೋನನ್ನು ಅಂಗಳದ ನಕ್ಷತ್ರದ ಕಡೆ ತಿರುಗಿಸಿದರು. ಮನೆ ತಲುಪಿ ನನ್ನದರ ಚಿತ್ರ ಕಳುಹಿಸಿದೆ.

ಆಗ ಎರಡು ಗಂಟೆ. ಉಡುಪಿಯವರು ಮಧ್ಯಾಹ್ನದ ಊಟಕ್ಕೆ ಬರುವವರಿದ್ದರು. ಕಳ್ಳಿನ ಬದಲು ಯೀಸ್ಟ್ ಹಾಕಿ ಬೆಳಿಗ್ಗೆ ಇಡ್ಲಿಯಂಥ ಸಾನ್ನಾಂ ಬೇಯಿಸಲೆಂದು ಕಲಸಿಟ್ಟಿದ್ದ ಹಿಟ್ಟು ಆ ಸೆಕೆಗೆ ಆಗಲೇ ಉಬ್ಬಿ ಪಾತ್ರೆಯ ಅಂಚಿನಿಂದ ಇಳಿಯತೊಡಗಿತ್ತು. ಅರ್ಧವನ್ನು ಇನ್ನೊಂದು ಪಾತ್ರೆಗೆ ತೆಗೆದು, ಎರಡನ್ನೂ ಫ್ರಿಜ್ಜಿನಲ್ಲಿಟ್ಟು, ನಕ್ಷತ್ರವನ್ನು ಆರಿಸದೆಯೇ ಮಲಗಿದೆ.