ಬಯೋಎಕಾನಮಿ ಎಂಎಸ್ಸಿಗೆ ಹೊರಡುವ ಮುನ್ನ: ಚಿಕ್ಕಮಗಳೂರು, ಹಾಸನದ ವಿದ್ಯಾರ್ಥಿಗಳಿಗೆ

ಜರ್ಮನಿಯಲ್ಲಿ ಅಕ್ಟೋಬರ್‌ನಲ್ಲಿ ಸೇರಿದವರಿಗೆ ನಾಲ್ಕನೇ ಸೆಮಿಸ್ಟರ್ ಏಪ್ರಿಲ್‌ನಲ್ಲಿ ಶುರುವಾಗಿ ಸೆಪ್ಟೆಂಬರ್‌ಗೆ ಮುಗಿಯುತ್ತದೆ. ಪ್ರಬಂಧದ ಕೆಲಸವೆಲ್ಲ ಆ ಆರು ತಿಂಗಳಲ್ಲೇ. ಚಿಕ್ಕಮಗಳೂರಿನಲ್ಲಿ ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ಅದರ ಬೆನ್ನಿಗೇ ರೊಬಸ್ಟಾ. ಮಾರ್ಚ್ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ‘ಕಾಫಿ ಸಿಪ್ಪೆಯಿಂದ ಗ್ಯಾಸ್’ ಎಂಬ ವಿಷಯ ಇಟ್ಟುಕೊಂಡು ಏಪ್ರಿಲ್‌ನಲ್ಲಿ ಊರಿಗೆ ಬಂದಿಳಿದರೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ ಬೀಗ, ಗಿಡದಲ್ಲಿ ಹೂ ಉದುರಿದ ಗುರುತು ಮಾತ್ರ. ಆಮೇಲೆ ಉಳಿಯುವ ದಾರಿ ಒಂದೇ: ಬೇರೆಯವರು ಕೊಲಂಬಿಯಾದಲ್ಲೋ ಇಥಿಯೋಪಿಯಾದಲ್ಲೋ ಅಳೆದ ಅಂಕಿಗಳನ್ನು ಎತ್ತಿಕೊಂಡು ಲೆಕ್ಕ ಹಾಕುವುದು.

ಆದ್ದರಿಂದ ಈ ಓದಿಗೆ ನಾವು ಹೇಳುವ ಕ್ರಮ ಸ್ವಲ್ಪ ತಿರುಗುಮುರುಗು. ಮೊದಲು ವಸ್ತು ಆರಿಸಿ, ಆಮೇಲೆ ವಿಶ್ವವಿದ್ಯಾಲಯ. ನಿಮ್ಮ ತಾಲ್ಲೂಕಿನಲ್ಲಿ ಸಿಗುವ ಒಂದೇ ಒಂದು ಬೆಳೆ ಉಳಿಕೆಯನ್ನು (ಸಿಪ್ಪೆ, ಹೊಟ್ಟು, ಹಿಂಡಿಯಂಥದ್ದು) ಹಿಡಿದು, ಅದನ್ನು ನಾಲ್ಕು ಸೆಮಿಸ್ಟರ್ ಕೈಬಿಡದೆ ಒಯ್ಯಿರಿ.

ಓದಿನ ಮೂರು ಕಾಲುಗಳು

ಬಯೋಎಕಾನಮಿ ಎಂದರೆ ಬೆಳೆ, ಕಾಡು, ಜೀವಿಗಳಿಂದ ಬರುವ ವಸ್ತುವನ್ನು ಆಹಾರ, ಮೇವು, ಸಾಮಗ್ರಿ, ರಾಸಾಯನಿಕ, ಇಂಧನವಾಗಿ ಬಳಸುವ ಆರ್ಥಿಕತೆ. ಪಠ್ಯ ಮೂರು ಕಡೆಯಿಂದ ಬರುತ್ತದೆ: ಜೀವರಾಶಿ ಎಲ್ಲಿಂದ ಎಷ್ಟು ಬರುತ್ತದೆ (ಮಣ್ಣು, ಬೆಳೆ, ಅರಣ್ಯ), ಅದನ್ನು ಹೇಗೆ ಸಂಸ್ಕರಿಸುತ್ತಾರೆ (ಹುದುಗುವಿಕೆ, ಗ್ಯಾಸ್, ಜೈವಿಕ ಶುದ್ಧೀಕರಣಾಗಾರ), ಅದರಿಂದ ಯಾರಿಗೆ ಏನು ಲಾಭ (ಸಂಪನ್ಮೂಲ ಅರ್ಥಶಾಸ್ತ್ರ, ನೀತಿ). ಇವುಗಳ ಮೇಲೆ ಜೀವನಚಕ್ರ ವಿಶ್ಲೇಷಣೆ, ಅಂದರೆ ಎಲ್‌ಸಿಎ: ಒಂದು ವಸ್ತು ಹುಟ್ಟಿನಿಂದ ವಿಲೇವಾರಿಯ ತನಕ ಪರಿಸರದ ಮೇಲೆ ಹಾಕುವ ಹೊರೆಯ ಲೆಕ್ಕ.

ಹಾಸನದ ಕಾರೆಕೆರೆ ಕೃಷಿ ಕಾಲೇಜಿನಲ್ಲಿ ಅಥವಾ ಮೂಡಿಗೆರೆ ತೋಟಗಾರಿಕೆ ಕಾಲೇಜಿನಲ್ಲಿ ಓದಿದವರಿಗೆ ಮೊದಲನೆಯದು ಸಲೀಸು, ಮೂರನೆಯದು ಕಬ್ಬಿಣದ ಕಡಲೆ. ಬಿಕಾಂ, ಬಿಎ ಅರ್ಥಶಾಸ್ತ್ರದವರಿಗೆ ಇದೇ ಉಲ್ಟಾ. ಹೊರಡುವ ಮುಂಚಿನ ಆರು ತಿಂಗಳಲ್ಲಿ ತುಂಬಿಕೊಳ್ಳಬೇಕಾದ್ದೂ ಅದರಂತೆಯೇ. ವಿಜ್ಞಾನದವರು ಸೀಮಾಂತ ವೆಚ್ಚ, ಬಡ್ಡಿ ಕಳೆದ ಇಂದಿನ ಮೌಲ್ಯ, ಬಾಹ್ಯ ಪರಿಣಾಮ ಕಲಿಯಲಿ. ವಾಣಿಜ್ಯದವರು ಮೋಲ್ ಲೆಕ್ಕ, ತೂಕದ ಸಮತೋಲ, ಒಣ ಅಂಶ, ಆಮ್ಲೀಯತೆ ಕಲಿಯಲಿ. ಅಂಕಿಅಂಶ ಶಾಸ್ತ್ರ ಇಬ್ಬರಿಗೂ ಬೇಕು. ಓಪನ್ ಎಲ್‌ಸಿಎ (ಎಲ್‌ಸಿಎ ಲೆಕ್ಕಕ್ಕೆ), ಕ್ಯೂಜಿಐಎಸ್ (ನಕ್ಷೆಗೆ), ಆರ್ (ಅಂಕಿಅಂಶಕ್ಕೆ), ಜೊಟೆರೊ (ಆಕರಗಳ ಪಟ್ಟಿಗೆ), ಈ ನಾಲ್ಕು ತಂತ್ರಾಂಶವೂ ಉಚಿತ. ಲ್ಯಾಪ್‌ಟಾಪಿಗೆ ಈಗಲೇ ಹಾಕಿಕೊಂಡು ಕೈ ಪಳಗಿಸಬಹುದು. ಕ್ಯೂಜಿಐಎಸ್‌ಗೆ ಒಳ್ಳೆಯ ಮೊದಲ ಪಾಠವೆಂದರೆ ನಿಮಗೆ ಗೊತ್ತಿರುವ ಒಂದು ತೋಟದ ಗಡಿ ಬರೆಯುವುದು. ಯುರೋಪಿನ ಅರಣ್ಯನಾಶ ತಡೆ ನಿಯಮ ಕಾಫಿಗೂ ಅನ್ವಯಿಸುತ್ತದೆ: ಅದು ಜಾರಿಯಾದ ಮೇಲೆ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಬೆಳೆ ಅಲ್ಲಿಗೆ ಹೋಗುವಂತಿಲ್ಲ, 4 ಹೆಕ್ಟೇರ್ ಮೀರಿದ ತಾಕಿಗೆ ಗಡಿಯ ನಕ್ಷೆಯೇ ಬೇಕು. ಈ ಕೌಶಲಕ್ಕೆ ಊರಿನಲ್ಲೇ ಕೆಲಸವಿದೆ.

ಯಾವ ವಸ್ತು?

ಪಲ್ಪಿಂಗ್ ಸಿಪ್ಪೆ ಎಲ್ಲರ ಕಣ್ಣಿಗೂ ಮೊದಲು ಬೀಳುತ್ತದೆ. ಆದರೆ ಕಾಲದ ಕಾಟವಿಲ್ಲದ ವಸ್ತುಗಳೂ ಇವೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಒಡೆದಾಗ ಬರುವ ಹೊಟ್ಟು ಒಣಗಿದ್ದು, ಕೆಡುವುದಿಲ್ಲ, ಕೊಯ್ಲು ಮುಗಿದ ಮೇಲೂ ಸಿಗುತ್ತದೆ. ರೊಬಸ್ಟಾ ಚೆರ್ರಿಯ ಓಟಿ, ಅಂದರೆ ಮೂಟೆಗೆ ಇಷ್ಟು ಕೆಜಿ ಕ್ಲೀನ್ ಕಾಫಿ (ಸುಲಿದ ಬೀಜ) ಎಂಬ ಲೆಕ್ಕ, 50 ಕೆಜಿ ಮೂಟೆಗೆ 26ರ ಆಸುಪಾಸು ಎಂದು ಹಿಡಿದರೆ ಉಳಿದ 24 ಕೆಜಿಯಲ್ಲಿ ಬಹುಪಾಲು ಹೊಟ್ಟೇ. ಓಟಿ ಗೊತ್ತಿದ್ದರೆ ಹೊಟ್ಟಿನ ಲೆಕ್ಕ ತಾನಾಗಿ ಬರುತ್ತದೆ. ಇಷ್ಟು ಸುಲಭಕ್ಕೆ ಅಂಕಿ ಸಿಗುವ ಉಳಿಕೆ ಬೇರೊಂದಿಲ್ಲ. ಮರಗಸಿಯಲ್ಲಿ (ನೆರಳಿನ ಮರ ಸವರುವಾಗ) ಬರುವ ಸಿಲ್ವರ್ ಓಕ್ ಮತ್ತು ಕಾಡುಮರದ ರೆಂಬೆ, ಅರಸೀಕೆರೆ ಚನ್ನರಾಯಪಟ್ಟಣ ಕಡೆಯ ತೆಂಗಿನ ನಾರಿನ ಪುಡಿ, ಹಾಸನದ ಮೆಕ್ಕೆಜೋಳದ ದಿಂಡು ಕೂಡ ಆಗಬಹುದು. ಎಣ್ಣೆಬೀಜದ ಕಡೆ ಒಲವಿದ್ದರೆ ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವಿದೆ. ಹೊಂಗೆ, ಬೇವು, ಹಿಪ್ಪೆ, ಸೀಮರೂಬ ನೋಡಲು ಅದೇ ಜಾಗ. 100 ಕೆಜಿ ಹೊಂಗೆ ಬೀಜಕ್ಕೆ ಯಂತ್ರದಲ್ಲಿ ಸುಮಾರು 25 ಕೆಜಿ ಎಣ್ಣೆ ಬರುತ್ತದೆ, ಮಿಕ್ಕಿದ್ದು ಹಿಂಡಿ. ಎಣ್ಣೆಯನ್ನೇ ನೋಡುತ್ತ ಹಿಂಡಿಗೆ ಗಿರಾಕಿ ಹುಡುಕದ ಯೋಜನೆಗಳು ನಷ್ಟಕ್ಕೆ ಬೀಳುತ್ತವೆ. ಒಳ್ಳೆಯ ಪ್ರಬಂಧಕ್ಕೆ ಅದೇ ಸಾಕು.

ಸಿಪ್ಪೆ ಅಳೆಯುವುದು

ಸಿಪ್ಪೆಯನ್ನೇ ಆರಿಸಿದರೆ, ಮೂರನೇ ಸೆಮಿಸ್ಟರಿನ ಡಿಸೆಂಬರ್ ರಜೆಯಲ್ಲಿ ಎರಡು ವಾರ ಮೀಸಲಿಡಿ. ಕ್ರಿಸ್‌ಮಸ್ ರಜೆಯೂ ಕೊಯ್ಲಿನ ಭರಾಟೆಯೂ ಒಂದೇ ಹೊತ್ತಿಗೆ ಬರುತ್ತವೆ. ಮೊದಲು ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಕುಳಿತು ದಿನವಹಿ ಹಣ್ಣಿನ ತೂಕದ ಪುಸ್ತಕ ನೋಡಿ. ಯಾವ ವಾರ ಎಷ್ಟು ಹಣ್ಣು ಬಂತು ಎಂಬುದು ಅಲ್ಲಿ ಸಿಕ್ಕಷ್ಟು ಚೊಕ್ಕವಾಗಿ ಯಾವ ವರದಿಯಲ್ಲೂ ಸಿಗುವುದಿಲ್ಲ. ಕನಿಷ್ಠ ಮೂರು ವರ್ಷದ್ದು ಬರೆದುಕೊಳ್ಳಿ. ಒಂದು ವರ್ಷ ಹೂಮಳೆ ಕೈಕೊಟ್ಟಿದ್ದರೆ ಲೆಕ್ಕವೇ ತಲೆಕೆಳಗು.

ಆಮೇಲೆ 100 ಕೆಜಿ ಹಣ್ಣು ತೂಗಿ ಪಲ್ಪರ್‌ಗೆ ಬಿಡಿ. ಬಂದ ಸಿಪ್ಪೆಯನ್ನು ಜರಡಿಯ ಮೇಲೆ ಅರ್ಧ ಗಂಟೆ ಸೋರಲು ಬಿಟ್ಟು ತೂಗಿ. ಸೋರಿಸದೆ ತೂಗಿದರೆ ಯಂತ್ರದ ನೀರನ್ನೂ ಸಿಪ್ಪೆಯ ಲೆಕ್ಕಕ್ಕೆ ಸೇರಿಸಿದಂತೆ. ಮೂರು ಬೇರೆ ದಿನ ಇದನ್ನೇ ಮಾಡಿ. ಪ್ರತಿ ಸಲ ಗುಡ್ಡೆಯ ಮೇಲೆ, ನಡುವೆ, ಕೆಳಗಿನಿಂದ ತೆಗೆದು ಬೆರೆಸಿ, 200 ಗ್ರಾಂನ ಮೂರು ಮಾದರಿ ಕಟ್ಟಿ. ತೇವಾಂಶಕ್ಕೆ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ, ಸಾಮಾನ್ಯವಾಗಿ 24 ಗಂಟೆ, ಒಣಗಿಸಬೇಕು. ಆದರೆ ಕೆಫೀನ್, ಟ್ಯಾನಿನ್ ಪರೀಕ್ಷೆಗೆ ಕಳಿಸುವ ಮಾದರಿಯನ್ನು 60 ಡಿಗ್ರಿ ದಾಟಿಸಬೇಡಿ. ಬೂದಿ ನೋಡಲು 550 ಡಿಗ್ರಿ ಕುಲುಮೆ.

ಇಲ್ಲಿ ಕೆಡುವುದು ಹೆಚ್ಚಾಗಿ ಮಾದರಿಯೇ. ಹಸಿ ಸಿಪ್ಪೆಯಲ್ಲಿ ಸಕ್ಕರೆ ಇರುವುದರಿಂದ ಕೆಲವೇ ಗಂಟೆಯಲ್ಲಿ ಹುಳಿಯಲು ಶುರು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಾರಿನ ಡಿಕ್ಕಿಯಲ್ಲಿಟ್ಟು ಮರುದಿನ ಬೆಂಗಳೂರಿನ ಲ್ಯಾಬ್‌ಗೆ ಒಯ್ದರೆ, ಅಲ್ಲಿ ಅಳೆಯುವುದು ಸಿಪ್ಪೆಯನ್ನಲ್ಲ, ಅದರ ಹೆಂಡವನ್ನು. ಅದೇ ದಿನ ಒಣಗಿಸಿ, ಇಲ್ಲವೇ ಮೈನಸ್ 20ಕ್ಕೆ ಹೆಪ್ಪುಗಟ್ಟಿಸಿ. ಬಾಳೆಹೊನ್ನೂರು ಬಳಿ 1925ರಿಂದ ಇರುವ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ ಮಾರ್ಗದರ್ಶಕರ ಪತ್ರದೊಂದಿಗೆ ತಿಂಗಳುಗಳ ಮೊದಲೇ ಬರೆದು ಕೇಳಿ. ಕೊಯ್ಲಿನ ನಡುವೆ ಬರಿಗೈಯಲ್ಲಿ ಹೋದವರನ್ನು ವಿಚಾರಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಅಳತೆ ಬರುವ ತನಕ ಅಂದಾಜಿಗೆ ಇಷ್ಟು ಹಿಡಿಯಿರಿ: 100 ಕೆಜಿ ಅರೇಬಿಕಾ ಹಣ್ಣಿಗೆ 18 ಕೆಜಿ ಕ್ಲೀನ್ ಕಾಫಿ, 40 ಕೆಜಿ ಹಸಿ ಸಿಪ್ಪೆ, ಸಿಪ್ಪೆಯಲ್ಲಿ ನೀರು ನೂರಕ್ಕೆ 77. ವರ್ಷಕ್ಕೆ 10 ಟನ್ ಕ್ಲೀನ್ ಕಾಫಿಯನ್ನು ಪಾರ್ಚ್‌ಮೆಂಟ್ ಮಾಡುವ (ಸಿಪ್ಪೆ ಸುಲಿದು ಬೀಜ ಒಣಗಿಸುವ) ತೋಟದಲ್ಲಿ ಹಣ್ಣು ಸುಮಾರು 55 ಟನ್, ಸಿಪ್ಪೆ 22 ಟನ್, ಅದರಲ್ಲಿ ಒಣ ಅಂಶ 5 ಟನ್. ಉಳಿದ 17 ಟನ್ ನೀರು. ಇದನ್ನು ಮೂಡಿಗೆರೆಯಿಂದ ಹಾಸನಕ್ಕೆ ಲಾರಿಯಲ್ಲಿ ಸಾಗಿಸುವ ಯೋಜನೆ ಎಂದರೆ ಘಟ್ಟದ ಅಂಚಿನಿಂದ ನೀರು ಸಾಗಿಸಿ ಡೀಸೆಲ್ ಸುಡುವ ಯೋಜನೆ. ಇನ್ನೊಂದು ಸಂಗತಿ: ಪಲ್ಪರ್ ಓಡುವುದು ವರ್ಷದ 52 ವಾರದಲ್ಲಿ ಹೆಚ್ಚೆಂದರೆ 10 ವಾರ. ಸಿಪ್ಪೆಯನ್ನೇ ನಂಬಿದ ಗ್ಯಾಸ್ ಘಟಕ ಉಳಿದ 42 ವಾರ ಖಾಲಿ ನಿಲ್ಲುತ್ತದೆ, ಬಂಡವಾಳದ ಬಡ್ಡಿ ಮಾತ್ರ ಓಡುತ್ತಿರುತ್ತದೆ. ಸಗಣಿಯೊಂದಿಗೆ ಬೆರೆಸುವುದೋ, ರಸಮೇವಿನ ಹಾಗೆ ಗಾಳಿಯಾಡದಂತೆ ಒತ್ತಿಟ್ಟು ವರ್ಷವಿಡೀ ಬಳಸುವುದೋ, ಇದಕ್ಕೆ ಉತ್ತರ ಬರೆದಿಟ್ಟುಕೊಂಡೇ ಮುಂದೆ ಹೋಗಿ. ಸಂದರ್ಶನದಲ್ಲೂ ಪ್ರಬಂಧದ ಮೌಖಿಕದಲ್ಲೂ ಕೇಳುವುದು ಇದನ್ನೇ.

ಗ್ಯಾಸ್ ಸಾಮರ್ಥ್ಯದ ಪರೀಕ್ಷೆ ಲ್ಯಾಬ್‌ನಲ್ಲಿ 37 ಡಿಗ್ರಿಯಲ್ಲಿ ತಿಂಗಳು ಹಿಡಿಯುತ್ತದೆ. ಸಿಪ್ಪೆ ಹುಳಿ, ಒಮ್ಮೆಲೇ ಹೆಚ್ಚು ಹಾಕಿದರೆ ಬಾಟಲಿಯೊಳಗೆ ಆಮ್ಲ ಏರಿ ಮೀಥೇನ್ ಮಾಡುವ ಜೀವಿಗಳು ಸುಮ್ಮನಾಗುತ್ತವೆ. ಹೆಪ್ಪಿನ ಬಗ್ಗಡವನ್ನು, ಅಂದರೆ ಗ್ಯಾಸ್ ಮಾಡುವ ಜೀವಿಗಳಿರುವ ರಾಡಿಯನ್ನು, ಸಿಪ್ಪೆಯ ಎರಡರಷ್ಟು (ಸುಡುವ ಒಣ ಅಂಶದ ಲೆಕ್ಕದಲ್ಲಿ) ಇಡಿ. ಪ್ರತಿ ಬಗೆಗೂ ಮೂರು ಬಾಟಲಿ, ಜೊತೆಗೆ ಬರೀ ಬಗ್ಗಡದ್ದು ಮೂರು, ಸೆಲ್ಯುಲೋಸ್‌ನದ್ದು ಮೂರು. ಸೆಲ್ಯುಲೋಸ್ ಬಾಟಲಿಯಲ್ಲೇ ಗ್ಯಾಸ್ ಸರಿಯಾಗಿ ಬರದಿದ್ದರೆ ನಿಮ್ಮ ಹೆಪ್ಪು ಸತ್ತಿದೆ, ಸಿಪ್ಪೆಯ ತಪ್ಪಲ್ಲ.

ಎಲ್ಲಿ ಓದುವುದು, ಕಾಗದಪತ್ರ

ಭಾರತದಲ್ಲಿ ಇದೇ ಹೆಸರಿನ ಪದವಿ ವಿರಳ. ಹೆಸರು ನೋಡದೆ ಪಠ್ಯಕ್ರಮ ನೋಡಿ: ಎಲ್‌ಸಿಎ, ಸಂಪನ್ಮೂಲ ಅರ್ಥಶಾಸ್ತ್ರ, ಜೈವಿಕ ಸಂಸ್ಕರಣೆ, ಈ ಮೂರರಲ್ಲಿ ಎರಡಿದ್ದರೆ ಸಾಕು. ಪರಿಸರ ವಿಜ್ಞಾನಕ್ಕೆ ಹತ್ತಿರದಲ್ಲಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವಿದೆ. ಕೃಷಿ ಪದವೀಧರರಿಗೆ ಐಸಿಎಆರ್ ಪ್ರವೇಶ ಪರೀಕ್ಷೆಯ ದಾರಿಯೂ ಇದೆ. ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಬಯೋಇ3 ನೀತಿಗೆ (ಆರ್ಥಿಕತೆ, ಪರಿಸರ, ಉದ್ಯೋಗಕ್ಕಾಗಿ ಜೈವಿಕ ತಂತ್ರಜ್ಞಾನ) ಒಪ್ಪಿಗೆ ಕೊಟ್ಟಿದೆ, ಅರ್ಜಿಯ ಉದ್ದೇಶ ಪತ್ರದಲ್ಲಿ ಅದನ್ನು ಒಂದು ಸಾಲಿಗೆ ಮೀರಿಸಬೇಡಿ. ಆ ಜಾಗ ನಿಮ್ಮ 22 ಟನ್ ಸಿಪ್ಪೆಯ ಲೆಕ್ಕಕ್ಕೆ ಇರಲಿ.

ಹೊರಗೆ ಹೋಗುವವರಿಗೆ ಸ್ಟುಟ್‌ಗಾರ್ಟ್‌ನ ಹೋಹೆನ್‌ಹೈಮ್ ವಿಶ್ವವಿದ್ಯಾಲಯದ ಬಯೋಎಕಾನಮಿ ಎಂಎಸ್ಸಿ 2014ರಿಂದ ಇದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸುಸ್ಥಿರ ಸಂಪನ್ಮೂಲ ನಿರ್ವಹಣೆಯ ಎಂಎಸ್ಸಿ ಇದೆ. ನೆದರ್ಲೆಂಡ್ಸ್‌ನ ವಾಹೆನಿಂಗನ್‌ನಲ್ಲಿ ಜೀವಾಧಾರಿತ ವಿಜ್ಞಾನ ಎಂಬ ಹೆಸರಿನಲ್ಲಿ ಸಿಗುತ್ತದೆ. ಎಲ್ಲ ಕಡೆ 120 ಕ್ರೆಡಿಟ್. ಜರ್ಮನಿಯಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆ ಕೆಲಸ, ಸೆಮಿಸ್ಟರ್‌ಗೆ 30 ಕ್ರೆಡಿಟ್. ಜರ್ಮನಿಯಲ್ಲಿ ಓದು ಪುಕ್ಕಟೆ ಎಂಬ ಮಾತು ಈಗ ಪೂರ್ತಿ ನಿಜವಲ್ಲ. ಹೋಹೆನ್‌ಹೈಮ್ ಇರುವ ರಾಜ್ಯದಲ್ಲಿ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರ್‌ಗೆ 1,500 ಯೂರೊ ಶುಲ್ಕವಿದೆ; ಮ್ಯೂನಿಕ್ ತಾಂತ್ರಿಕದಲ್ಲಿ 2024–25ರಿಂದ ಎಂಎಸ್ಸಿಗೆ ಸೆಮಿಸ್ಟರ್‌ಗೆ 4,000 ಅಥವಾ 6,000. ವೀಸಾಕ್ಕೆ ತಡೆಹಿಡಿದ ಖಾತೆಯಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಬ್ಯಾಂಕ್ ಖಾತೆ) ವರ್ಷಕ್ಕೆ 11,904 ಯೂರೊ, ಅಂದರೆ ತಿಂಗಳಿಗೆ 992, ತೋರಿಸಬೇಕೆಂಬುದು 2024ರ ಸೆಪ್ಟೆಂಬರ್‌ನಿಂದ ಬಂದ ಲೆಕ್ಕ. ಕಟ್ಟುವ ಮುನ್ನ ಆ ವರ್ಷದ ಮೊತ್ತ ನೋಡಿಕೊಳ್ಳಿ. ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿ ಕೊಡುವ ಅಭಿವೃದ್ಧಿ ಸಂಬಂಧಿತ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಹಾಗಾಗಿ ಈಗತಾನೆ ಪದವಿ ಮುಗಿಸಿದವರು ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಜರ್ಮನಿಗೆ ಮೊದಲು ಎಪಿಎಸ್ ಪ್ರಮಾಣಪತ್ರ, ಅಂದರೆ ನಿಮ್ಮ ಅಂಕಪಟ್ಟಿ, ಪದವಿ ಅಸಲಿ ಎಂಬ ದೃಢೀಕರಣ. 2022ರ ನವೆಂಬರ್‌ನಿಂದ ಭಾರತೀಯರಿಗೆ ಕಡ್ಡಾಯ, ಶುಲ್ಕ 18,000 ರೂಪಾಯಿ, ಕೈಗೆ ಬರಲು ವಾರಗಳೇ ಬೇಕು. ಹಲವು ಕಡೆ ಕೊನೆಯ ದಿನ ಮಾರ್ಚ್‌ನಿಂದ ಮೇ ನಡುವೆ ಬೀಳುವುದರಿಂದ ಎಪಿಎಸ್ ಅರ್ಜಿ ಹಿಂದಿನ ವರ್ಷದ ಅಕ್ಟೋಬರ್‌ಗೇ ಹೋಗಿರಬೇಕು.

ಅಂಕ ಪರಿವರ್ತನೆಯಲ್ಲಿ ಒಂದು ಸಣ್ಣ ಸಂಗತಿ ಸೀಟನ್ನೇ ಅಲ್ಲಾಡಿಸುತ್ತದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆದು, ಅದನ್ನು ಗರಿಷ್ಠ ಮತ್ತು ಪಾಸಿನ ಕನಿಷ್ಠದ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸುತ್ತಾರೆ. ಜರ್ಮನಿಯಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. 10ಕ್ಕೆ 7.8 ಪಡೆದವರ ಪಾಸಿನ ಕನಿಷ್ಠ 4 ಆದರೆ ಫಲ 2.1; ಕನಿಷ್ಠ 5 ಆದರೆ 2.32. ಪಾಸಿನ ಕನಿಷ್ಠ ಎಷ್ಟೆಂದು ಅಂಕಪಟ್ಟಿಯ ಹಿಂಬದಿಯಲ್ಲಿ ಅಚ್ಚಾಗಿಲ್ಲದಿದ್ದರೆ ಪರೀಕ್ಷಾ ವಿಭಾಗದಿಂದ ಪತ್ರ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಅವರಿಗೆ ತೋಚಿದ್ದನ್ನು ಹಾಕಿಕೊಳ್ಳುತ್ತಾರೆ.

ಎಲ್‌ಸಿಎಯಲ್ಲಿ ಕಾಲು ಜಾರುವ ಕಡೆ

‘ಒಂದು ಟನ್ ಸಿಪ್ಪೆ ವಿಲೇವಾರಿ’ ಎಂದು ಅಳತೆ ಇಟ್ಟರೆ ಬರುವ ಉತ್ತರ ಬೇರೆ, ‘ಒಂದು ಯೂನಿಟ್ ವಿದ್ಯುತ್’ ಎಂದಿಟ್ಟರೆ ಬೇರೆ. ಅದನ್ನು ಮೊದಲೇ ಗಟ್ಟಿ ಮಾಡಿ. ಅದಕ್ಕಿಂತ ದೊಡ್ಡ ಪ್ರಶ್ನೆ: ಇವತ್ತು ಆ ಸಿಪ್ಪೆ ಏನಾಗುತ್ತಿದೆ? ಗುಂಡಿಯಲ್ಲಿ ಗೊಬ್ಬರವಾಗಿ ತೋಟಕ್ಕೇ ಮರಳುತ್ತಿದ್ದರೆ, ಅದನ್ನು ಬೇರೆಡೆ ಒಯ್ದಾಗ ತೋಟ ಕಳೆದುಕೊಳ್ಳುವ ಪೊಟ್ಯಾಶ್‌ಗೆ ಚೀಲದ ಗೊಬ್ಬರ ಲೆಕ್ಕಕ್ಕೆ ಬರಬೇಕು. ಹಳ್ಳದ ದಂಡೆಯಲ್ಲಿ ರಾಶಿ ಕೊಳೆಯುತ್ತಿದ್ದರೆ ಕಥೆಯೇ ಬೇರೆ. ‘ಸಿಪ್ಪೆ ಕಸ, ಅದರ ಮೇಲೆ ಯಾವ ಹೊರೆಯೂ ಇಲ್ಲ’ ಎಂಬ ಊಹೆಯೂ ಅದಕ್ಕೆ ಬೆಲೆ ಬರುವ ತನಕ ಮಾತ್ರ ನಿಲ್ಲುತ್ತದೆ. ಹೊರೆ ಹಂಚುವ ಮುನ್ನ, ಹಂಚದೆಯೇ ಬಿಡಿಸಲಾಗುತ್ತದೆಯೇ ನೋಡಿ ಎನ್ನುತ್ತದೆ ಎಲ್‌ಸಿಎಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14044.

ಗ್ಯಾಸ್ ಘಟಕದಿಂದ ಆಗುವ ಮೀಥೇನ್ ಸೋರಿಕೆಯನ್ನು ಮಾತ್ರ ಮರೆಯಬೇಡಿ. ಒಂದು ಕೆಜಿ ಮೀಥೇನ್ ಒಲೆಯಲ್ಲಿ ಉರಿದರೆ ಸುಮಾರು 1.1 ಕೆಜಿ ಎಲ್‌ಪಿಜಿ ಉಳಿಯುತ್ತದೆ, ಅಂದರೆ 3.2 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್. ಅದೇ ಒಂದು ಕೆಜಿ ಉರಿಯದೆ ಸೋರಿದರೆ 100 ವರ್ಷದ ಲೆಕ್ಕದಲ್ಲಿ 27 ಕೆಜಿಗೆ ಸಮ. ಎರಡನ್ನೂ ಸರಿದೂಗಿಸಿ ನೋಡಿ: ನೂರಕ್ಕೆ 10–11 ಸೋರಿದರೆ ಉಳಿತಾಯ ಸೊನ್ನೆ. ತಂತ್ರಾಂಶದಲ್ಲಿ ಯುರೋಪಿನ ವಿದ್ಯುತ್ತೇ ಮೊದಲಿನಿಂದ ಕೂತಿದೆಯೋ ನೋಡಿ, ಇದ್ದರೆ ನಮ್ಮ ಜಾಲಕ್ಕೆ ಬದಲಿಸಿ.

ಕೊನೆಗೆ ಸೂಟ್‌ಕೇಸ್ ವಿಚಾರ. ಒಣಗಿಸಿದ ಸಿಪ್ಪೆಯ ಎರಡು ಕೆಜಿ ಡಬ್ಬಿಯನ್ನು ಜರ್ಮನಿಯ ಲ್ಯಾಬ್‌ಗೆ ಒಯ್ಯುವುದು ಉಪ್ಪಿನಕಾಯಿ ಒಯ್ದಂತಲ್ಲ. ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಇಲ್ಲಿನ ಜೈವಿಕ ಸಂಪನ್ಮೂಲ ಸಂಶೋಧನೆಗೆಂದು ವಿದೇಶಿ ಸಂಸ್ಥೆಯ ಕೈಸೇರಬೇಕಾದರೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕಾಗುತ್ತದೆ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಹಾಗಾಗಿ ಎರಡನೇ ಸೆಮಿಸ್ಟರ್‌ನಲ್ಲೇ ಅರ್ಜಿ ಹಾಕಿ. ಅಥವಾ ಪರೀಕ್ಷೆಯನ್ನೆಲ್ಲ ಇಲ್ಲೇ ಮುಗಿಸಿ ಅಂಕಿಗಳನ್ನು ಮಾತ್ರ ಒಯ್ಯುವಂತೆ ಕೆಲಸ ಹಂಚಿಕೊಂಡು, ಅದಕ್ಕೂ ಅನುಮತಿ ಬೇಕೇ ಎಂದು ಮಾರ್ಗದರ್ಶಕರ ಮೂಲಕ ಪ್ರಾಧಿಕಾರವನ್ನೇ ಬರಹದಲ್ಲಿ ಕೇಳಿಟ್ಟುಕೊಳ್ಳಿ.