ಲಾರಿ ಹತ್ತದ ಹಣ್ಣು

ಕೋಲಾರದಲ್ಲಿ ತಳ್ಳುಗಾಡಿ ಇಟ್ಟ ಮೊದಲ ವಾರ ನಾನು ಮಾಡಿದ ತಪ್ಪೆಂದರೆ ಗಟ್ಟಿ ಟೊಮೆಟೊ ತಂದದ್ದು. ದೋರಗಾಯಿ ಆದರೆ ನಾಲ್ಕು ದಿನ ಕೆಡುವುದಿಲ್ಲ ಅಂತ ನನ್ನ ಲೆಕ್ಕ. ಕಠಾರಿಪಾಳ್ಯದಲ್ಲಿ ಒಬ್ಬ ಅಜ್ಜಿ ಒಂದನ್ನು ಹಿಸುಕಿ ನೋಡಿ, "ಇದನ್ನ ಸಾರಿಗೆ ಹಾಕ್ಲಾ, ನಾಯಿಗೆ ಹೊಡೀಲಾ?" ಅಂದರು.

ಗಾಡಿ ಹತ್ತಿರ ಬರುವವರು ಇವತ್ತಿನ ಅಡುಗೆಗೆ ಕೊಳ್ಳುತ್ತಾರೆ. ದೋರಗಾಯಿ ಬೇಕಿರುವುದು ಲಾರಿಗೆ. ನಮ್ಮ ಎಪಿಎಂಸಿಯಿಂದ ಟೊಮೆಟೊ ದೆಹಲಿ, ಕೋಲ್ಕತ್ತದವರೆಗೂ ಹೋಗುತ್ತದೆ. ಗಿಡದಲ್ಲೇ ಕೆಂಪಾದ ಹಣ್ಣು ಅಷ್ಟು ದೂರ ತಡೆಯುವುದಿಲ್ಲ. ಹರಾಜಾದ ಮೇಲೆ ಬಾಕ್ಸ್ ಸುರಿದು ಆರಿಸುವಾಗ ಅದನ್ನು ಪಕ್ಕಕ್ಕೆ ಹಾಕುತ್ತಾರೆ. ಈಗ ನಾನು ಸರಿಯಾಗಿ ಆ ಹೊತ್ತಿಗೇ ಹೋಗಿ ನಿಲ್ಲುತ್ತೇನೆ. ರುಚಿ ಇರುವುದೂ ಅದರಲ್ಲೇ, ಅಲ್ವಾ?

ಸಾಧಾರಣ ದಿನ ಅಂಥ ಹಣ್ಣು 15 ಕೆಜಿ ಬಾಕ್ಸಿಗೆ 150 ರೂಪಾಯಿ, ಆಟೋಗೆ 10. ಮನೆಯಲ್ಲಿ ಹೆಂಡತಿ ಜೊತೆ ಕೂತು ಆರಿಸುತ್ತೇನೆ. 1 ಕೆಜಿ ಕೊಳೆತದ್ದು ಪಕ್ಕದ ಮನೆ ಹಸುವಿಗೆ. 3 ಕೆಜಿ ಮೆತ್ತಗಿನದು ಹೋಟೆಲಿಗೆ, ಕೆಜಿಗೆ 10. ಉಳಿದ 11 ಕೆಜಿ ಗಾಡಿಗೆ, ಕೆಜಿಗೆ 20. ಕಾಗದದ ಮೇಲೆ 250 ಬರಬೇಕು, ಆದರೆ ಕೊಸರು ಅಂತ ಒಂದಿದೆಯಲ್ಲ! ತೂಕ ಆದ ಮೇಲೆ ಒಂದು ಹಣ್ಣು ಹಾಕದಿದ್ದರೆ ಯಾರೂ ಚೀಲ ಮುಚ್ಚುವುದಿಲ್ಲ. ಅದಕ್ಕೇ ಮುಕ್ಕಾಲು ಕೆಜಿ ಹೋಗುತ್ತದೆ. ಬಾಕ್ಸಿಗೆ 75 ಉಳಿದರೆ ಆ ದಿನ ಚೆನ್ನಾಗಿತ್ತು ಅಂತ.

ಮೊದಲೆಲ್ಲ ಆ ಬಂಡವಾಳಕ್ಕೂ ಸಾಲವೇ. ಬೆಳಿಗ್ಗೆ 900 ಕೈಗೆ ಬಂದರೆ ಸಂಜೆ 1,000 ಕೊಡಬೇಕು. 2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಸ್ವನಿಧಿ ಸಾಲ ಬಂತು, 10,000 ಸಿಕ್ಕಿತು. ಕಾಗದಪತ್ರಕ್ಕೆ ಅಲೆದಾಡಿದ್ದು ಬೇರೆ ಕಥೆ, ಬಿಡಿ. ಕಂತು ಕಟ್ಟಿ ಮುಗಿಸಿದೆ, ಸಂಜೆ ಬಂದು ಗಾಡಿ ಮುಂದೆ ನಿಲ್ಲುತ್ತಿದ್ದವರ ಕಾಟ ತಪ್ಪಿತು.

2023ರ ಜುಲೈ ಮಾತ್ರ ಮರೆಯಲಾರೆ. ಇಲ್ಲೇ ಬಾಕ್ಸ್ 2,000 ದಾಟಿತು. ಟೊಮೆಟೊ ಬೆಳೆಯುವ ಊರಲ್ಲೇ ಕಾಲು ಕೆಜಿ ಕೇಳೋಕೆ ಜನ ಹಿಂದೆಮುಂದೆ ನೋಡಿದರು. ಜೊತೆಗಿದ್ದ ಗಾಡಿಯವರು ಟೊಮೆಟೊ ತರುವುದನ್ನೇ ಬಿಟ್ಟರು. ನಾನು ಅರ್ಧ ಬಾಕ್ಸ್ ತಂದು, ತಕ್ಕಡಿ ಪಕ್ಕಕ್ಕಿಟ್ಟು, ಎರಡೆರಡು ಹಣ್ಣಿನ ಗುಡ್ಡೆ ಮಾಡಿದೆ. ಗುಡ್ಡೆಗೆ 20. ದಿನಾ ಮುಗಿಯುತ್ತಿತ್ತು. ಗುಡ್ಡೆ ವ್ಯಾಪಾರಕ್ಕೆ ಕೊಸರಿಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದೆ.

ಅಜ್ಜಿ ಕೇಳಲಿಲ್ಲ. ಎರಡು ಹಣ್ಣು ಸೆರಗಿಗೆ ಹಾಕಿಕೊಂಡು, ಪಕ್ಕದಲ್ಲಿದ್ದ ಕರಿಬೇವಿನ ಕಡ್ಡಿ ಮುರಿದುಕೊಂಡು ನಡೆದರು.